‘625 ಮಾತ್ರೆ’ ಎಲ್ಲ ಜ್ವರಕ್ಕೂ ಮದ್ದೇ? ಅಮಾಕ್ಸಿಸಿಲಿನ್–ಕ್ಲಾವುಲನಿಕ್ ಆ್ಯಸಿಡ್ ಬಳಸುವ ಮುನ್ನ ತಿಳಿದಿರಬೇಕಾದದ್ದು

ಸಾರಾಂಶ

ಮೆಡಿಕಲ್ ಶಾಪ್‌ಗಳಲ್ಲಿ ‘625’ ಎಂದೇ ಹೆಸರಾಗಿರುವ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆ್ಯಸಿಡ್ ಎಂಬ ಎರಡು ಔಷಧಿಗಳಿವೆ. ಬ್ಯಾಕ್ಟೀರಿಯಾದಿಂದ ಬರುವ ಕೆಲವು ಸೋಂಕುಗಳಿಗೆ ಇದು ಒಳ್ಳೆಯ ಔಷಧಿ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯ, ಮಂಗನ ಕಾಯಿಲೆಗೆ ಇದು ಕೆಲಸಕ್ಕೆ ಬಾರದು. ವೈದ್ಯರು ಬರೆದುಕೊಡದೆ ತೆಗೆದುಕೊಂಡರೆ ಅಲರ್ಜಿ, ಭೇದಿ, ಕಾಮಾಲೆ ಬರಬಹುದು. ನಿಜವಾದ ಕಾಯಿಲೆ ಪತ್ತೆಯಾಗುವುದೂ ತಡವಾಗಬಹುದು.

ಫಾರ್ವರ್ಡ್ ಏನು ಹೇಳುತ್ತದೆ?

“ಜ್ವರ, ಗಂಟಲು ನೋವು, ಕೆಮ್ಮು, ಹಲ್ಲು ನೋವು ಏನೇ ಇರಲಿ, 625 ಬೆಳಿಗ್ಗೆ ಒಂದು ರಾತ್ರಿ ಒಂದು, ಮೂರು ದಿನ. ಡಾಕ್ಟರ್ ಫೀಸ್ ಉಳಿಯುತ್ತೆ. ಎಲ್ಲರಿಗೂ ಕಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಕಳಿಸುವವರ ಉದ್ದೇಶ ಕೆಟ್ಟದ್ದಲ್ಲ. ಕಡೂರಿನ ತೆಂಗಿನ ತೋಟವಿರಲಿ, ತರೀಕೆರೆಯ ಅಡಿಕೆ ತೋಟವಿರಲಿ, ಅಜ್ಜಂಪುರದ ಹೊಲವಿರಲಿ, ಕೂಲಿಗೆ ಹೋಗುವವರಿಗೆ ಒಂದು ದಿನ ಮಲಗಿದರೆ ಒಂದು ದಿನದ ಸಂಬಳ ಹೋಯಿತು. ಹಳ್ಳಿಯಿಂದ ಬಸ್ಸು ಹಿಡಿದು ಪಟ್ಟಣಕ್ಕೆ ಬಂದು ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದಕ್ಕಿಂತ ಮೆಡಿಕಲ್‌ನಲ್ಲಿ “ಜ್ವರಕ್ಕೆ ಏನಾದರೂ ಪವರ್ ಇರೋದು ಕೊಡಿ” ಎಂದು ಕೇಳುವುದು ಸುಲಭ. ಆದರೆ ಆ ‘ಪವರ್’ ಎಂಬ ಮಾತಿನಲ್ಲೇ ತಪ್ಪು ತಿಳಿವಳಿಕೆ ಇದೆ.

ಇದನ್ನು ಬರೆಯುವ ಮುನ್ನ ನಾವು ನಮ್ಮ ನಮ್ಮ ಮನೆಯ ಔಷಧಿ ಡಬ್ಬಿಗಳನ್ನೇ ತೆರೆದು ನೋಡಿದೆವು. ಅರ್ಧ ಬಳಸಿ ಬಿಟ್ಟ ಆ್ಯಂಟಿಬಯಾಟಿಕ್ ಸ್ಟ್ರಿಪ್ ಅಲ್ಲೂ ಸಿಕ್ಕಿತು. ಯಾರಿಗೆ, ಯಾವ ಕಾಯಿಲೆಗೆ ಬರೆದದ್ದು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಹಾಗಾಗಿ ಇದು ಓದುಗರಿಗೆ ಮಾತ್ರ ಹೇಳುವ ಬುದ್ಧಿಮಾತಲ್ಲ, ನಮಗೂ ಸೇರಿದ್ದು.

ಈ ಜೋಡಿ ಔಷಧಿ ಹೇಗೆ ಕೆಲಸ ಮಾಡುತ್ತದೆ?

ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ ಔಷಧಿ. ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳುವುದನ್ನು ಇದು ತಡೆಯುತ್ತದೆ. ಗೋಡೆ ಇಲ್ಲದೆ ಬ್ಯಾಕ್ಟೀರಿಯಾ ಸಾಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಇದಕ್ಕೆ ಎದುರಾಗಿ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅಡಕತ್ತರಿ ಅಡಿಕೆಯನ್ನು ಹೋಳು ಮಾಡಿದಂತೆ ಆ ಕಿಣ್ವ ಅಮಾಕ್ಸಿಸಿಲಿನ್ ಅನ್ನು ತುಂಡು ಮಾಡಿಬಿಡುತ್ತದೆ.

ಇಲ್ಲಿ ಕ್ಲಾವುಲನಿಕ್ ಆ್ಯಸಿಡ್‌ನ ಕೆಲಸ ಶುರುವಾಗುತ್ತದೆ. ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಇದಕ್ಕೆ ಬಹಳ ಕಡಿಮೆ. ಆದರೆ ಅಡಕತ್ತರಿಯ ಬಾಯಿಗೆ ಕಲ್ಲು ಸಿಕ್ಕಿಕೊಂಡಂತೆ ಇದು ಕಿಣ್ವಕ್ಕೆ ಸಿಕ್ಕಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. ಕ್ಲಾವುಲನಿಕ್ ಆ್ಯಸಿಡ್ ಸಿಕ್ಕಿದ್ದು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ. 1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. 1981ರಲ್ಲಿ ‘ಆಗ್ಮೆಂಟಿನ್’ ಎಂಬ ಹೆಸರಿನಲ್ಲಿ ಈ ಜೋಡಿ ಮಾರುಕಟ್ಟೆಗೆ ಬಂತು. ಈಗ ಅನೇಕ ಕಂಪನಿಗಳು ಬೇರೆ ಬೇರೆ ಬ್ರಾಂಡ್‌ಗಳಲ್ಲಿ ಇದನ್ನು ಮಾರುತ್ತವೆ.

625 ಎಂಬುದು ‘ಪವರ್’ ಅಲ್ಲ, ತೂಕ

625 ಎಂದರೆ 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ಮತ್ತು 125 ಮಿಲಿಗ್ರಾಂ ಕ್ಲಾವುಲನಿಕ್ ಆ್ಯಸಿಡ್. 375ರ ಮಾತ್ರೆಯಲ್ಲಿ 250 ಮತ್ತು 125. 1000ದ ಮಾತ್ರೆಯಲ್ಲಿ 875 ಮತ್ತು 125. ಗಮನಿಸಿ, ಮೂರರಲ್ಲೂ ಕ್ಲಾವುಲನಿಕ್ ಆ್ಯಸಿಡ್ ಅಷ್ಟೇ ಇದೆ.

ಇದರಿಂದ ಗೊತ್ತಾಗುವುದೇನೆಂದರೆ, 625 ಸಿಗಲಿಲ್ಲವೆಂದು 375ರ ಎರಡು ಮಾತ್ರೆ ನುಂಗಿದರೆ ಕ್ಲಾವುಲನಿಕ್ ಆ್ಯಸಿಡ್ ಎರಡು ಪಟ್ಟಾಗುತ್ತದೆ, ಹೊಟ್ಟೆ ಕೆಡುವ ಸಾಧ್ಯತೆಯೂ ಹೆಚ್ಚುತ್ತದೆ. 1000ದ ಮಾತ್ರೆ ಮುರಿದು ಅರ್ಧ ಮಾಡಿ ಮಗುವಿಗೆ ಕೊಡುವುದೂ ತಪ್ಪು. ಮಕ್ಕಳಿಗೆ ಡೋಸ್ ನಿಗದಿಯಾಗುವುದು ಅವರ ತೂಕದ ಮೇಲೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಡೋಸ್ ಇಳಿಸಬೇಕಾಗಬಹುದು.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

*ಬೇಕಾಗುವ ಕಡೆ:* ಬ್ಯಾಕ್ಟೀರಿಯಾದಿಂದ ಬಂದ ಸೈನಸ್ ಸೋಂಕು, ಕಿವಿಯೊಳಗಿನ ಸೋಂಕು, ಕೆಲವು ಬಗೆಯ ನ್ಯುಮೋನಿಯಾ, ಕೆಲವು ಚರ್ಮದ ಮತ್ತು ಮೂತ್ರದ ಸೋಂಕುಗಳು, ಹಲ್ಲಿನ ಬುಡದಿಂದ ಮುಖಕ್ಕೆ ಹರಡುವ ಕೀವು, ನಾಯಿ ಅಥವಾ ಬೆಕ್ಕು ಕಚ್ಚಿದ ಗಾಯ. ಇವುಗಳಲ್ಲೂ ಕೊಡಬೇಕೇ ಬೇಡವೇ ಎಂಬುದನ್ನು ಪರೀಕ್ಷೆ ಮಾಡಿದ ವೈದ್ಯರೇ ನಿರ್ಧರಿಸಬೇಕು.

*ನೆಗಡಿ, ಫ್ಲೂ, ಸಾಮಾನ್ಯ ಕೆಮ್ಮು:* ಬೇಡ. ಇವು ವೈರಸ್‌ನಿಂದ ಬರುತ್ತವೆ. ವೈರಸ್‌ಗೆ ಬ್ಯಾಕ್ಟೀರಿಯಾದಂಥ ಹೊರಗೋಡೆ ಇಲ್ಲವೇ ಇಲ್ಲ. ಇಲ್ಲದ ಗೋಡೆಯ ಮೇಲೆ ಔಷಧಿ ಕೆಲಸ ಮಾಡುವುದಾದರೂ ಹೇಗೆ? “ಮೂರು ದಿನ ತಗೊಂಡೆ, ವಾಸಿಯಾಯ್ತು” ಎನ್ನುವವರಿಗೆ ಮಾತ್ರೆ ಇಲ್ಲದಿದ್ದರೂ ಅಷ್ಟು ದಿನಕ್ಕೆ ವಾಸಿಯಾಗುತ್ತಿತ್ತು.

*ಗಂಟಲು ನೋವು:* ಹೆಚ್ಚಿನವು ವೈರಸ್‌ನಿಂದ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದಿದ್ದರೂ ಸಾದಾ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಕು, ಜೋಡಿ ಔಷಧಿ ಬೇಕಿಲ್ಲ. ಒಂದು ಬಗೆಯ ವೈರಲ್ ಗಂಟಲು ಸೋಂಕಿನಲ್ಲಿ ಅಮಾಕ್ಸಿಸಿಲಿನ್ ತೆಗೆದುಕೊಂಡರೆ ಮೈತುಂಬ ದದ್ದು ಏಳಬಹುದು.

*ಡೆಂಗಿ, ಚಿಕೂನ್‌ಗುನ್ಯ:* ಬೇಡ. 2024ರಲ್ಲಿ ಪ್ರಕರಣಗಳು ಏರಿದಾಗ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಡೆಂಗಿಯಲ್ಲಿ ಬೇಕಾಗಿರುವುದು ನೀರಿನಂಶ, ಜ್ವರಕ್ಕೆ ಪ್ಯಾರಾಸಿಟಮಾಲ್, ರಕ್ತಪರೀಕ್ಷೆ ಮತ್ತು ನಿಗಾ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು.

*ಮಂಗನ ಕಾಯಿಲೆ:* ಬೇಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆಯೂ ವೈರಸ್‌ನಿಂದ ಬರುವಂಥದ್ದು, ಹರಡುವುದು ಉಣ್ಣೆಯಿಂದ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

*ಸ್ಕ್ರಬ್ ಟೈಫಸ್:* ಇದು ವಿಚಿತ್ರ ಉದಾಹರಣೆ. ಇದು ಬ್ಯಾಕ್ಟೀರಿಯಾದಿಂದಲೇ ಬರುತ್ತದೆ, ಆದರೂ 625 ಇದಕ್ಕೆ ನಾಟುವುದಿಲ್ಲ. ಪೊದೆ, ಹುಲ್ಲುಗಾವಲು, ತೋಟದಲ್ಲಿ ಓಡಾಡುವವರಿಗೆ ಸಣ್ಣ ಹುಳುವಿನ ಕಡಿತದಿಂದ ಬರುವ ಈ ಜ್ವರಕ್ಕೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್. ಅದು 625ಕ್ಕಿಂತ ‘ಪವರ್’ ಇರುವ ಔಷಧಿ ಎಂದಲ್ಲ, ಸರಿಯಾದ ಔಷಧಿ ಎಂಬುದಷ್ಟೇ ಕಾರಣ. ಐದು ದಿನ 625 ನುಂಗಿ ಕಾದವರ ಕಾಯಿಲೆ ಆ ಐದು ದಿನವೂ ಒಳಗೆ ಬೆಳೆಯುತ್ತಿರುತ್ತದೆ.

*ಎರಡು ವಾರ ದಾಟಿದ ಕೆಮ್ಮು:* ಮತ್ತೊಂದು ಕೋರ್ಸ್ ಆ್ಯಂಟಿಬಯಾಟಿಕ್ ಕೊಳ್ಳಬೇಡಿ. ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

*ಹಲ್ಲು ನೋವು:* ಹುಳುಕು ಹಲ್ಲಿನ ನೋವನ್ನು ಮಾತ್ರೆ ಗುಣಪಡಿಸುವುದಿಲ್ಲ. ಹಲ್ಲಿಗೇ ಚಿಕಿತ್ಸೆ ಆಗಬೇಕು.

ನಾಯಿ ಕಚ್ಚಿದಾಗ ಈ ತಪ್ಪು ಮಾಡಲೇಬೇಡಿ

ನಾಯಿ ಕಚ್ಚಿದ ಗಾಯಕ್ಕೆ ವೈದ್ಯರು ಈ ಮಾತ್ರೆ ಬರೆಯುವುದುಂಟು, ಏಕೆಂದರೆ ನಾಯಿಯ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ಇದು ಕೆಲಸ ಮಾಡುತ್ತದೆ. ಇದನ್ನು ಕೇಳಿದವರು “ನಾಯಿ ಕಚ್ಚಿದರೆ 625 ಸಾಕು” ಎಂದು ತಿಳಿದರೆ ಪ್ರಾಣಕ್ಕೇ ಅಪಾಯ. ರೇಬೀಸ್ ವೈರಸ್‌ನಿಂದ ಬರುವ ಕಾಯಿಲೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ಅಪರೂಪ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕಾಗುತ್ತದೆ. ಮಾತ್ರೆಯ ಮಾತು ಇದೆಲ್ಲ ಆದಮೇಲೆ.

ತೆಗೆದುಕೊಳ್ಳುವ ಮುನ್ನ ವೈದ್ಯರಿಗೆ ಹೇಳಲೇಬೇಕಾದದ್ದು

• ಹಿಂದೆ ಯಾವಾಗಲಾದರೂ ಪೆನಿಸಿಲಿನ್, ಅಮಾಕ್ಸಿಸಿಲಿನ್ ಅಥವಾ ಯಾವುದೇ ಆ್ಯಂಟಿಬಯಾಟಿಕ್‌ನಿಂದ ದದ್ದು, ಊತ, ಉಸಿರಾಟದ ತೊಂದರೆ ಆಗಿತ್ತೇ? “ಅಜ್ಜಿಗೆ ಯಾವುದೋ ಇಂಜೆಕ್ಷನ್ ಆಗಿಬರಲ್ಲ” ಎಂಬ ಮಾತು ಮನೆಯಲ್ಲಿದ್ದರೆ ಅದು ಯಾವ ಇಂಜೆಕ್ಷನ್ ಎಂದು ಕೇಳಿ ತಿಳಿದು ಬರೆದಿಡಿ.

• ಈ ಮಾತ್ರೆ ತೆಗೆದುಕೊಂಡ ಮೇಲೆ ಕಾಮಾಲೆ ಬಂದಿತ್ತೇ? ಬಂದಿದ್ದರೆ ಇದನ್ನು ಮತ್ತೆ ತೆಗೆದುಕೊಳ್ಳುವಂತಿಲ್ಲ.

• ಲಿವರ್ ಅಥವಾ ಮೂತ್ರಪಿಂಡದ ಕಾಯಿಲೆ ಇದೆಯೇ?

• ರಕ್ತ ತೆಳುವಾಗಿಸುವ ವಾರ್ಫರಿನ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಯೂರಿಕ್ ಆ್ಯಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್ ತೆಗೆದುಕೊಳ್ಳುತ್ತಿದ್ದೀರಾ?

• ಗರ್ಭಿಣಿಯೇ, ಮಗುವಿಗೆ ಹಾಲುಣಿಸುತ್ತಿದ್ದೀರಾ?

ಸರಿಯಾಗಿ ತೆಗೆದುಕೊಳ್ಳುವುದು ಹೇಗೆ?

*ಊಟದ ಜೊತೆ:* ಊಟ ಅಥವಾ ತಿಂಡಿ ಶುರು ಮಾಡುವಾಗ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆ ಕಡಿಮೆ. ಹಾಲು, ಮೊಸರು ಸೇವಿಸಬಾರದು ಎಂಬ ನಿಯಮ ಕೆಲವು ಬೇರೆ ಆ್ಯಂಟಿಬಯಾಟಿಕ್‌ಗಳಿಗೆ ಅನ್ವಯಿಸುತ್ತದೆ, ಇದಕ್ಕಲ್ಲ.

*ಹೊತ್ತಿಗೆ ಸರಿಯಾಗಿ:* ದಿನಕ್ಕೆ ಎರಡು ಎಂದರೆ ಸುಮಾರು 12 ಗಂಟೆಗೊಮ್ಮೆ, ಮೂರು ಎಂದರೆ ಸುಮಾರು 8 ಗಂಟೆಗೊಮ್ಮೆ. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನಷ್ಟೇ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

*ಎಷ್ಟು ದಿನ:* ವೈದ್ಯರು ಬರೆದಷ್ಟು ದಿನ. ಜ್ವರ ಇಳಿಯಿತೆಂದು ಎರಡನೇ ದಿನಕ್ಕೆ ನಿಲ್ಲಿಸಬೇಡಿ. “ಇನ್ನೂ ಎರಡು ದಿನ ಇರಲಿ” ಎಂದು ನೀವೇ ಮುಂದುವರಿಸಲೂಬೇಡಿ. ಅನೇಕ ಸೋಂಕುಗಳಿಗೆ ಐದು ದಿನದ ಚಿಕಿತ್ಸೆಯೇ ಸಾಕು ಎಂಬುದು ಈಗ ಗೊತ್ತಾಗಿದೆ. ಬೇಗ ವಾಸಿಯಾದರೆ ನಿಲ್ಲಿಸಬಹುದೇ ಎಂದು ವೈದ್ಯರನ್ನೇ ಕೇಳಿ.

*ಸ್ಟ್ರಿಪ್‌ನಲ್ಲೇ ಇರಲಿ:* ಕ್ಲಾವುಲನಿಕ್ ಆ್ಯಸಿಡ್ ತೇವಕ್ಕೆ ಬೇಗ ಕೆಡುತ್ತದೆ. ಮಾತ್ರೆಗಳನ್ನು ಮುಂಚೆಯೇ ಬಿಡಿಸಿ ಡಬ್ಬಿಯಲ್ಲಿ ಇಡಬೇಡಿ. ಮಳೆಗಾಲದಲ್ಲಂತೂ ಜೋಪಾನ.

*ಮಕ್ಕಳ ಸಿರಪ್:* ಇದು ಪುಡಿಯ ರೂಪದಲ್ಲಿ ಬರುತ್ತದೆ. ಕುದಿಸಿ ಪೂರ್ತಿ ಆರಿಸಿದ ನೀರನ್ನು, ಅಥವಾ ಪ್ಯಾಕ್ ಜೊತೆ ಕೊಟ್ಟ ನೀರನ್ನು, ಬಾಟಲಿಯ ಗುರುತಿನವರೆಗೆ ಹಾಕಿ ಚೆನ್ನಾಗಿ ಕುಲುಕಿ. ಕಲಸಿದ ಮೇಲೆ ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಸಾಮಾನ್ಯವಾಗಿ 7 ದಿನದ ನಂತರ ಉಳಿದದ್ದನ್ನು ಬಳಸುವಂತಿಲ್ಲ, ಲೇಬಲ್ ನೋಡಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಸಂಕೋಚ ಪಡದೆ ಹೇಳಿ, ನೀರಿನಲ್ಲಿ ಕರಗಿಸಿ ಕೊಡುವ ಮಾತ್ರೆ ಬರೆಯಲು ಆಗಬಹುದು. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳ ಅಥವಾ ಡ್ರಾಪರ್ ಬಳಸಿ.

ಅಡ್ಡ ಪರಿಣಾಮಗಳು: ಯಾವುದು ಸಾಮಾನ್ಯ, ಯಾವುದು ಅಪಾಯ?

ಭೇದಿ, ವಾಕರಿಕೆ ಸಾಮಾನ್ಯ. ಬಾಯಿಯಲ್ಲಿ ಬಿಳಿ ಪದರ, ಹೆಂಗಸರಲ್ಲಿ ಬಿಳಿಸೆರಗು ಮತ್ತು ತುರಿಕೆ ಕೂಡ ಆಗಬಹುದು. “ಮಾತ್ರೆ ಉಷ್ಣ, ಅದಕ್ಕೇ ಭೇದಿ” ಎಂದು ನಮ್ಮ ಕಡೆ ಹೇಳುತ್ತಾರೆ. ನಿಜವಾದ ಕಾರಣ ಬೇರೆ. ಮಾತ್ರೆ ಕೆಟ್ಟ ಬ್ಯಾಕ್ಟೀರಿಯಾ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮಜ್ಜಿಗೆ, ಗಂಜಿ, ಓಆರ್‌ಎಸ್ ಕುಡಿಯಬಹುದು. ಮಲದಲ್ಲಿ ರಕ್ತ ಕಂಡರೆ, ಜೋರು ಹೊಟ್ಟೆನೋವಿದ್ದರೆ ಅಥವಾ ಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಿ.

ಮಾತ್ರೆ ತೆಗೆದುಕೊಂಡ ಮೇಲೆ ತುಟಿ, ಮುಖ ಅಥವಾ ಗಂಟಲು ಊದಿಕೊಂಡರೆ, ಮೈಮೇಲೆ ದಡಿಕೆಗಳೆದ್ದರೆ, ಉಸಿರು ಕಟ್ಟಿದಂತಾದರೆ, ತಲೆಸುತ್ತಿ ಬಿದ್ದರೆ ಅದು ತೀವ್ರ ಅಲರ್ಜಿ. ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯ ಕಾಮಾಲೆ. ಇದು ಅಪರೂಪ, ಆದರೆ ವಯಸ್ಸಾದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಹೆಚ್ಚು ದಿನ ಮಾತ್ರೆ ತೆಗೆದುಕೊಂಡವರಲ್ಲಿ ಸಾಧ್ಯತೆ ಜಾಸ್ತಿ. ಮಾತ್ರೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೂ ಇದು ಬರಬಹುದು. ಹಾಗಾಗಿ ಯಾರೂ ಅದನ್ನು ಮಾತ್ರೆಗೆ ಜೋಡಿಸಿ ನೋಡುವುದೇ ಇಲ್ಲ. ಕಣ್ಣು ಹಳದಿಯಾದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ನಾಟಿ ಔಷಧಿ. ಅದಕ್ಕೂ ಮುಂಚೆ ಆಸ್ಪತ್ರೆಗೆ ಹೋಗಿ, ಕಳೆದ ಎರಡು ತಿಂಗಳಲ್ಲಿ ಯಾವ ಯಾವ ಮಾತ್ರೆ ತೆಗೆದುಕೊಂಡಿರಿ ಎಂದು ಹೇಳಿ. ಆ ಒಂದು ಮಾತು ರೋಗ ಪತ್ತೆಗೆ ದಾರಿಯಾಗಬಹುದು.

ಯಾವುದೇ ಔಷಧಿಯಿಂದ ತೊಂದರೆಯಾದರೆ ಸರ್ಕಾರದ ಔಷಧಿ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ಜನಸಾಮಾನ್ಯರೂ ತಿಳಿಸಬಹುದು.

ಸ್ಟ್ರಿಪ್ ಮೇಲಿನ ಕೆಂಪು ಗೆರೆ ಯಾಕಿದೆ?

ಆ್ಯಂಟಿಬಯಾಟಿಕ್ ಸ್ಟ್ರಿಪ್‌ಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ, ಮಾರಬೇಡಿ ಎಂಬುದು ಅದರ ಅರ್ಥ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೂ ಆರಂಭಿಸಿತು. ಅಮಾಕ್ಸಿಸಿಲಿನ್ ನಮ್ಮ ಕಾನೂನಿನ ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ.

ಇದು ಬರೀ ಕಾನೂನಿನ ಮಾತಲ್ಲ. ಬೇಡದ ಕಡೆ ಆ್ಯಂಟಿಬಯಾಟಿಕ್ ಬಳಸಿದಷ್ಟೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣ. ಇವತ್ತು ನೆಗಡಿಗೆ ನುಂಗಿದ 625, ನಾಳೆ ಅದೇ ಮನೆಯ ಮಗುವಿಗೆ ನ್ಯುಮೋನಿಯಾ ಬಂದಾಗ ಕೆಲಸ ಮಾಡದೆ ಹೋಗಬಹುದು.

ದನಕರುಗಳ ವಿಷಯದಲ್ಲೂ ಇದೇ ಮಾತು. ಅಮೃತ್ ಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಕಡೆಯ ಓದುಗರಿಗೆ ಇದನ್ನು ವಿಶೇಷವಾಗಿ ಹೇಳಬೇಕಿಲ್ಲ. ಕೆಚ್ಚಲು ಬಾವಿಗೆ ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ, ಪಶುವೈದ್ಯರನ್ನು ಕರೆಸಿ. ಚಿಕಿತ್ಸೆ ನಡೆಯುವಾಗ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದು ಅವರನ್ನು ಕೇಳಿ, ಅಷ್ಟು ದಿನ ಹಾಕಬೇಡಿ.

ಹಾಗಾದರೆ ಜ್ವರ ಬಂದಾಗ ಏನು ಮಾಡಬೇಕು?

ಮೊದಲ ಒಂದೆರಡು ದಿನ ವಿಶ್ರಾಂತಿ, ಸಾಕಷ್ಟು ನೀರು, ಸರಿಯಾದ ಡೋಸ್‌ನಲ್ಲಿ ಪ್ಯಾರಾಸಿಟಮಾಲ್ ಸಾಕು. ಜ್ವರ ಮೂರು ದಿನ ದಾಟಿದರೆ, ಉಸಿರಾಟ ಕಷ್ಟವಾದರೆ, ಮೂತ್ರ ಕಡಿಮೆಯಾದರೆ, ಎಲ್ಲಾದರೂ ರಕ್ತಸ್ರಾವವಾದರೆ, ಫಿಟ್ಸ್ ಬಂದರೆ, ಮಗು ಹಾಲು ಕುಡಿಯದೆ ಮಂಕಾದರೆ ತಡ ಮಾಡಬೇಡಿ. ಪುಟ್ಟ ಕೂಸು, ಗರ್ಭಿಣಿ, ಸಕ್ಕರೆ ಕಾಯಿಲೆ ಇರುವವರು ಮತ್ತು ವಯಸ್ಸಾದವರು ಮೂರು ದಿನ ಕಾಯುವುದೂ ಬೇಡ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಕಡೂರು, ತರೀಕೆರೆ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೋಗಲು ಆಗದಿದ್ದಾಗ, ತುರ್ತು ಅಲ್ಲದ ತೊಂದರೆಗಳಿಗೆ ಇ-ಸಂಜೀವಿನಿ ಮೂಲಕ ಫೋನಿನಲ್ಲೇ ಉಚಿತವಾಗಿ ವೈದ್ಯರ ಜೊತೆ ಮಾತನಾಡಬಹುದು.

ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ನಾಲ್ಕು ಪ್ರಶ್ನೆ ಕೇಳಿ: ಇದು ಯಾವ ಸೋಂಕಿಗೆ? ದಿನಕ್ಕೆ ಎಷ್ಟು ಸಲ, ಎಷ್ಟು ದಿನ? ನನ್ನ ಬೇರೆ ಮಾತ್ರೆಗಳ ಜೊತೆ ಆಗುತ್ತದೆಯೇ? ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಬೇಕು? ವೈದ್ಯರು “ಆ್ಯಂಟಿಬಯಾಟಿಕ್ ಬೇಡ” ಎಂದರೆ ಅದೂ ಚಿಕಿತ್ಸೆಯೇ. “ಇಷ್ಟು ದೂರ ಬಂದು ಬರೀ ಜ್ವರದ ಮಾತ್ರೆ ಕೊಟ್ಟರು” ಎಂದು ಬೇಸರ ಪಡಬೇಡಿ.

ನಮ್ಮ ತೀರ್ಮಾನ

‘ಎಲ್ಲ ಜ್ವರಕ್ಕೂ 625’ ಎಂಬ ಸಂದೇಶ ತಪ್ಪು ಮತ್ತು ಅಪಾಯಕಾರಿ. ಅಮಾಕ್ಸಿಸಿಲಿನ್–ಕ್ಲಾವುಲನಿಕ್ ಆ್ಯಸಿಡ್ ಒಳ್ಳೆಯ ಔಷಧಿಯೇ. ಯಾವ ಸೋಂಕು, ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದು ಗೊತ್ತಾದಾಗ ಮಾತ್ರ. ಇವತ್ತೇ ಮನೆಯ ಔಷಧಿ ಡಬ್ಬಿ ತೆರೆದು ನೋಡಿ. ಕೆಂಪು ಗೆರೆಯ ಅರ್ಧ ಸ್ಟ್ರಿಪ್ ಸಿಕ್ಕರೆ ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ಆ ಫಾರ್ವರ್ಡ್ ಕಳಿಸಿದವರಿಗೆ ಸಿಟ್ಟಾಗದೆ, ಇದನ್ನು ಓದಿ ಎಂದು ಕಳಿಸಿ.